ಉಪ್ಪಿನ ಬಾಗಿಲ ಮಾಳಗ

ನಮ್ಮೂರು ನೋಡಲು ಬರುವವರು ಹಿಂದಿನ ದಿನವೇ ಬಂದು ಲಾಡ್ಜಿನಲ್ಲಿ ಉಳಿದುಕೊಳ್ಳುವುದು ಒಳ್ಳೆಯದು. ಬೆಳಕು ಹರಿಯುವ ಹೊತ್ತಿಗೆ ಕಾಳಗದ ಬಯಲಿನ ವೀರಗಲ್ಲಿನ ಮುಂದೆ ನಿಂತಿರದಿದ್ದರೆ ಉಳಿದ ದಿನವೆಲ್ಲ ಏನು ನೋಡಿದರೂ ತಲೆಬುಡ ತಿಳಿಯುವುದಿಲ್ಲ. ಕೋಟೆ, ಬುರುಜು, ತುಕ್ಕು ಹಿಡಿದ ಫಿರಂಗಿ, ಬಾವಲಿ ತುಂಬಿದ ಮದ್ದಿನ ಮನೆ ಬೇರೆ ಊರುಗಳಲ್ಲೂ ಸಿಗುತ್ತವೆ. ಹಳೇ ಯುದ್ಧದಲ್ಲಿ ಗೆದ್ದವರು ಯಾರು ಎಂಬುದನ್ನು ದಿನಾ ಬೆಳಿಗ್ಗೆ ಹೊಸದಾಗಿ ನೋಡಿ ತಿಳಿದುಕೊಳ್ಳಬೇಕಾದ ಊರು ಮಾತ್ರ ನಮ್ಮದೊಂದೇ. ನಾನು ಇಲ್ಲಿನ ಗೈಡು, ಹೆಸರು ಸಿರಿಯಣ್ಣ, ಕೋಟೆ ಕೇರಿಯವನು.

ಕಲ್ಲಿನಲ್ಲಿ ಮೂರು ಸಾಲು ಕೆತ್ತನೆ. ಕೆಳಗಿನ ಸಾಲಿನಲ್ಲಿ ಯುದ್ಧ, ನಡುವಿನ ಸಾಲಿನಲ್ಲಿ ಸತ್ತ ವೀರನನ್ನು ಅಪ್ಸರೆಯರು ಎತ್ತಿಕೊಂಡು ಹೋಗುವುದು, ಮೇಲೆ ಸ್ವರ್ಗ. ಎಲ್ಲ ಕಡೆಯ ವೀರಗಲ್ಲುಗಳೂ ಹೆಚ್ಚುಕಡಿಮೆ ಹೀಗೇ ಇರುತ್ತವೆ. ನಮ್ಮದರ ಕೆಳಗಿನ ಸಾಲಿನಲ್ಲಿ ಕೋಟೆಯ ಉಪ್ಪಿನ ಬಾಗಿಲು ಇದೆ. ಒಂದು ಬೆಳಿಗ್ಗೆ ಅದು ಮುಚ್ಚಿರುತ್ತದೆ, ಹೊರಗೆ ಮುತ್ತಿಗೆ ಹಾಕಿದ ದಂಡಿನವರು ಅಂಗಾತ ಬಿದ್ದಿರುತ್ತಾರೆ. ಅವತ್ತು ಗೆದ್ದವರು ಕೋಟೆಯವರು. ಇನ್ನೊಂದು ಬೆಳಿಗ್ಗೆ ಅದು ಹಾರು ಹೊಡೆದಿರುತ್ತದೆ, ಕುದುರೆಗಳು ಒಳಗೆ ನುಗ್ಗುತ್ತಿರುತ್ತವೆ. ಅವತ್ತು ದಂಡು ಗೆದ್ದಿತೆಂದು ಲೆಕ್ಕ. ಆ ಎರಡು ಕಡೆಯವರ ಸಂತತಿಯೇ ಇವತ್ತಿನ ಕೋಟೆ ಕೇರಿ, ದಂಡಿನ ಕೇರಿ. ದಂಡಿನ ಕೇರಿಯ ನಾಗೋಜಿ ಎಂಬ ಸೊಂಟ ನೆಟ್ಟಗಾಗದ ಮುದುಕ ಕೋಳಿ ಕೂಗುವ ಹೊತ್ತಿಗೆ ಬಂದು ಕುಕ್ಕರಗಾಲಿನಲ್ಲಿ ಕೂತು, ಕೈಗೆ ಎಟುಕುವ ಕೆಳಗಿನ ಸಾಲಿಗೆ ಎಣ್ಣೆ ಸವರಿ, ಲಾಟೀನು ಹಿಡಿದು ನೋಡಿ, “ಕೋಟೆ!” ಎಂದೋ “ದಂಡು!” ಎಂದೋ ಕೂಗುತ್ತಾನೆ. ಮೇಲಿನ ಎರಡು ಸಾಲುಗಳ ಮೇಲೆ ಪಾರಿವಾಳದ ಹಿಕ್ಕೆ ಬಿದ್ದು ಎಷ್ಟು ಕಾಲವಾಯಿತೋ. ಅಲ್ಲೇನಿದೆ ಎಂದು ನೋಡುವ ಪುರುಸೊತ್ತು ಯಾರಿಗೂ ಇಲ್ಲ. ಕೂಗು ಬಿದ್ದ ಕೂಡಲೇ ಗೆದ್ದ ಕೇರಿಯವರು ಅಡುಗೆಗೆ ಓಡಬೇಕು.

ಅದೇ ನಮ್ಮೂರ ಕಟ್ಟಳೆ. ಗೆದ್ದ ಕೇರಿ ಬೇಯಿಸಬೇಕು, ಸೋತ ಕೇರಿ ಬಯಲಿನಲ್ಲಿ ಸಾಲಾಗಿ ಕೂತು ಉಣ್ಣಬೇಕು. ಹಾಗಾಗಿ ನಮ್ಮೂರಲ್ಲಿ ಗೆಲ್ಲಬೇಕೆಂಬ ಆಸೆ ಯಾರಿಗೂ ಇಲ್ಲ. ಮಲಗುವ ಮುಂಚೆ ಎರಡೂ ಕೇರಿಯವರು ತಂತಮ್ಮ ದೇವರಿಗೆ ಕೈ ಮುಗಿದು ನಾಳೆ ಸೋಲಿಸಪ್ಪಾ ಎಂದು ಬೇಡಿಕೊಳ್ಳುತ್ತಾರೆ. ಮದುವೆ ಮುಹೂರ್ತ ಇಟ್ಟುಕೊಂಡ ಮನೆಯವರು ಗೆದ್ದುಬಿಟ್ಟರೆ ಮದುವೆಯ ಅಡುಗೆಯ ಜೊತೆಗೆ ಎದುರು ಕೇರಿಯ ಅಡುಗೆಯೂ ತಲೆಗೆ ಬಂತು. ಶಾಲೆಯಲ್ಲಿ ಚರಿತ್ರೆಯ ಪರೀಕ್ಷೆಯ ದಿನ ಮೇಷ್ಟ್ರು ಕಲ್ಲು ನೋಡಿಕೊಂಡೇ ಉತ್ತರ ತಿದ್ದುವುದು. ಫೋಟೋ ತೆಗೆದುಕೊಳ್ಳಲು ಅಡ್ಡಿಯಿಲ್ಲ, ಆದರೆ ಮರುದಿನ ಬೆಳಿಗ್ಗೆ ಕಲ್ಲು ಬದಲಾದರೆ ಫೋಟೋದಲ್ಲಿರುವ ಕಲ್ಲೂ ಬದಲಾಗುತ್ತದೆ. ಇದು ತಿಳಿಯದೆ ದೂರದ ಊರಿನಿಂದ ಫೋನು ಮಾಡಿ ಬೈದವರು ಬೇಕಾದಷ್ಟು ಜನ ಇದ್ದಾರೆ.

ನನ್ನ ಹೆಂಡತಿ ತುಳಸಾಬಾಯಿ ದಂಡಿನ ಕೇರಿಯವಳು. ಮದುವೆಯಾದರೂ ಕೇರಿ ಬದಲಾಗುವುದಿಲ್ಲ. ಹೀಗಾಗಿ ನಮ್ಮ ಮನೆಯಲ್ಲಿ ಇವತ್ತು ಒಲೆ ಮುಂದೆ ಕೂರುವವರು ಯಾರು ಎಂಬ ಜಗಳ ಇಲ್ಲ, ಕಲ್ಲು ಹೇಳುತ್ತದೆ. ಬೇರೆ ಊರುಗಳಲ್ಲಿ ಇದನ್ನು ಹೇಗೆ ಇತ್ಯರ್ಥ ಮಾಡಿಕೊಳ್ಳುತ್ತಾರೋ ನನಗೆ ಅರ್ಥವಾಗುವುದಿಲ್ಲ.

ಹೋದ ಚಳಿಗಾಲದಲ್ಲಿ ಆದದ್ದು ಹೇಳುತ್ತೇನೆ. ಆಗ ದಂಡು ಗೆಲ್ಲಲು ಶುರು ಮಾಡಿ ನಿಲ್ಲಿಸಲೇ ಇಲ್ಲ. ಅವರೆಕಾಯಿ ಬಂದು ಹೋಯಿತು, ಸಂಕ್ರಾಂತಿ ಬಂದು ಹೋಯಿತು, ದಿನಾ ಬೆಳಿಗ್ಗೆ ನಾಗೋಜಿ ಅಳುಮೋರೆಯಲ್ಲಿ “ದಂಡು!” ಎಂದು ಕೂಗುತ್ತಿದ್ದ. ಕೋಟೆ ಕೇರಿಯ ಗಂಡಸರಿಗೆ ಹೊಟ್ಟೆ ಬಂತು, ಹೆಂಗಸರು ಹಗಲು ನಿದ್ದೆ ಕಲಿತರು. ದಂಡಿನವರ ಕೈಯಿಂದ ಈರುಳ್ಳಿ ವಾಸನೆ ಹೋಗದಂತಾಯಿತು. ತುಳಸಾಬಾಯಿ ನನ್ನ ಜೊತೆ ಮಾತು ಬಿಟ್ಟಿದ್ದಳು. ಮಾತಾಡಿದರೂ “ಸೋತವರೇ, ಊಟಕ್ಕೇಳಿ” ಎಂಬುದಷ್ಟೇ. ನನಗೆ ಒಳಗೊಳಗೇ ಖುಷಿ. ಗೈಡುಗಳೆಲ್ಲ ಕೋಟೆ ಕೇರಿಯವರೇ ಆದ್ದರಿಂದ ಗೆದ್ದ ದಿನ ನಮಗೆ ಕೆಲಸ ಬಂದ್, ಸೋತ ದಿನ ಭರ್ತಿ ವ್ಯಾಪಾರ, ಮೇಲೆ ಬಿಟ್ಟಿ ಊಟ.

ಅಂಥದ್ದರಲ್ಲಿ ಒಂದು ದಿನ ಪಾಲಕ್ಕ ಬಂದಳು. ಅರವತ್ತು ದಾಟಿದ ಹೆಂಗಸು, ಮೂಗಿನ ಎರಡೂ ಕಡೆ ಮೂಗುತಿ, ಕೈಯಲ್ಲಿ ಪ್ಲಾಸ್ಟಿಕ್ ವೈರಿನ ಬುಟ್ಟಿ. ಒಬ್ಬಳೇ ಬಂದಿದ್ದಳು. ಅವಳನ್ನು ಉಳಿದ ಪ್ರವಾಸಿಗರ ಗುಂಪಿಗೆ ಸೇರಿಸಿಕೊಂಡು ಬುರುಜು, ಮದ್ದಿನ ಮನೆ ತೋರಿಸಿ ಉಪ್ಪಿನ ಬಾಗಿಲಿಗೆ ಕರೆತಂದೆ. ಅಲ್ಲಿ ನನ್ನ ಆಟವೇ ಬೇರೆ. ದಂಡು ಗೆದ್ದ ದಿನಗಳಲ್ಲಿ ಹೇಳಬೇಕಾದದ್ದು ಮಾಳಗನ ಕಥೆ. ಅವನು ಈ ಬಾಗಿಲು ಕಾಯುತ್ತಿದ್ದವನು, ವೀರಗಲ್ಲಿನಲ್ಲೂ ಬಾಗಿಲ ಪಕ್ಕದಲ್ಲೇ ಇದ್ದಾನೆ, ಗಿಡ್ಡ ಆಳು, ಸೊಂಟದಲ್ಲಿ ಮೊಳದುದ್ದದ ಬೀಗದ ಕೈ. ಒಳಗಿನಿಂದ ತಾನೇ ಬೀಗ ತೆಗೆದು ಶತ್ರುವನ್ನು ಬಿಟ್ಟುಕೊಂಡ ದ್ರೋಹಿ. ನಾನು ಗಿಡ್ಡನ ಹಾಗೆ ಕುಗ್ಗಿ, ಕುಂಟುತ್ತಾ ನಡೆದು, ಕಳ್ಳನೋಟ ಬೀರಿ, ಬೀಗ ತೆಗೆಯುವ ಸದ್ದನ್ನು ಬಾಯಲ್ಲೇ ಮಾಡಿ ತೋರಿಸುತ್ತೇನೆ. ಜನ ಬಿದ್ದು ಬಿದ್ದು ನಗುತ್ತಾರೆ. ಆಮೇಲೆ ಎಲ್ಲರಿಗೂ ಮುಷ್ಟಿ ಗಾತ್ರದ ಒಂದೊಂದು ಕಲ್ಲು ಕೊಡುತ್ತೇನೆ. ಬಾಗಿಲ ಪಕ್ಕದ ಗುಂಡಿಗೆ ಎಸೆದು ದ್ರೋಹಿಗೆ ಹೊಡೆದೆವೆಂದು ಹೇಳಿಕೊಳ್ಳುವುದು ನಮ್ಮಲ್ಲಿ ಹಿಂದಿನಿಂದ ನಡೆದುಬಂದದ್ದು. ಗುಂಡಿ ಯಾವಾಗಲೋ ತುಂಬಿ ಈಗ ಅದೊಂದು ದಿಬ್ಬವೇ ಆಗಿದೆ.

ಎಲ್ಲರೂ ಎಸೆದರು. ಪಾಲಕ್ಕ ಮಾತ್ರ ಕಲ್ಲು ಹಿಡಿದುಕೊಂಡು ನಿಂತೇ ಇದ್ದಳು. “ಯಾಕಕ್ಕ, ಭುಜ ನೋವಾ? ಕೊಡಿ, ನಿಮ್ಮ ಪರವಾಗಿ ನಾನೇ ಎಸೀತೀನಿ” ಎಂದೆ.

“ಭುಜಕ್ಕೇನೂ ಆಗಿಲ್ಲ ಕಣಪ್ಪ. ನಮ್ಮಜ್ಜಂಗೆ ನಾನೆಂಗೆ ಹೊಡೀಲಿ?” ಎಂದಳು. ಕಲ್ಲನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನನ್ನ ಮುಖ ಎಲ್ಲಿಡಬೇಕೋ ಗೊತ್ತಾಗಲಿಲ್ಲ. ಮಾಳಗನಿಗೆ ಮೊಮ್ಮಕ್ಕಳು, ಮರಿಮಕ್ಕಳು ಇರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ಕಲ್ಲಿನ ಕೆತ್ತನೆಯಲ್ಲಿರುವವನಿಗೆ ಸಂಸಾರ ಎಲ್ಲಿಯದು ಎಂದುಕೊಂಡಿದ್ದೆ. ನಾಚಿಕೆ ತಡೆಯಲಾರದೆ ಆಕೆಯನ್ನು ಊಟಕ್ಕೆ ಕರೆದುಕೊಂಡು ಹೋಗಿ ತುಳಸಾಬಾಯಿ ಬಡಿಸುವ ಸಾಲಿನಲ್ಲಿ ನನ್ನ ಪಕ್ಕವೇ ಕೂರಿಸಿಕೊಂಡೆ.

ಉಣ್ಣುತ್ತಾ ಪಾಲಕ್ಕ ಹೇಳಿದಳು. ಬಾಗಿಲು ತೆಗೆದ ಮೇಲೆ ಮಾಳಗ ಊರು ಬಿಟ್ಟು ಹೋಗಿ, ಹೊಳೆ ದಾಟಿ, ಎಲ್ಲೋ ಒಂದು ಹಳ್ಳಿಯಲ್ಲಿ ಮದುವೆಯಾಗಿ ಮಕ್ಕಳುಮರಿ ಮಾಡಿಕೊಂಡನಂತೆ. ಆದರೆ ಸುದ್ದಿ ಅವನಿಗಿಂತ ಮುಂಚೆ ಹೊಳೆ ದಾಟಿತ್ತು. ಅಂದಿನಿಂದ ಇಂದಿನವರೆಗೆ ಆ ಮನೆತನಕ್ಕೆ ಬಾಗಿಲು ತೆಗೆದವರು ಎಂದೇ ಹೆಸರು. “ನಮ್ಮೂರಾಗೆ ನಮ್ಮನೇರ ಕೈಗೆ ಯಾರೂ ಬೀಗದ ಕೈ ಕೊಡಲ್ಲ ಸಿರಿಯಣ್ಣ. ಮದುವೆ ಮನೇಲಿ ಉಗ್ರಾಣಕ್ಕೆ ಕೂರಿಸಲ್ಲ. ಪಕ್ಕದ ಮನೇರು ಊರಿಗೆ ಹೋದ್ರೆ ಬೀಗದ ಕೈಯ ಮೂರನೇ ಮನೆಗೆ ಕೊಟ್ಟು ಹೋಗ್ತಾರೆ, ನಮ್ಮನೆ ಮುಂದಿಂದಾನೇ ದಾಟಿಕೊಂಡು. ನಗ್ತಾ ನಗ್ತಾನೇ ಮಾಡ್ತಾರೆ, ಸಿಟ್ಟು ಮಾಡಂಗೂ ಇಲ್ಲ.” ಈಗ ಅವಳ ಮಗಳು ಇಂದುಮತಿ ಹೆಂಗಸರ ಹಾಲಿನ ಸೊಸೈಟಿಗೆ ಸೆಕ್ರೆಟರಿ ಆಗಬೇಕು. ಓದಿದ್ದಾಳೆ, ಫ್ಯಾಟು ಅಳೆಯಲು ಬರುತ್ತದೆ, ಕಂಪ್ಯೂಟರೂ ಬರುತ್ತದೆ. ಆದರೆ ಡೈರಿಯ ಬೀಗದ ಕೈ ಸೆಕ್ರೆಟರಿಯ ಹತ್ತಿರ ಇರಬೇಕಲ್ಲ, ಅದಕ್ಕೇ ಊರು ಹಿಂದೆಮುಂದೆ ನೋಡುತ್ತಿದೆ. ಶನಿವಾರ ಸಂಜೆ ಸಭೆ.

“ನಿಮ್ಮೂರ ಕಲ್ಲಿನ ಸಂಗತಿ ಕೇಳಿದ್ದೆ. ಬಾಗಿಲು ಮುಚ್ಚಿದ ದಿನಾನೂ ಇರುತ್ತಂತಲ್ಲ? ಅದೊಂದು ಸಲ ಕಣ್ಣಾರೆ ನೋಡಿ, ಫೋಟೋ ತಗೊಂಡು, ಅವತ್ತೇ ಬಸ್ಸತ್ತಿ ಹೋಗಿ ಸಭೇಲಿ ತೋರಿಸಿಬಿಡ್ತೀನಿ. ಮರುದಿನ ಅದೇನಾದ್ರೂ ಆಗ್ಲಿ.”

ಬಡಿಸುತ್ತಿದ್ದ ತುಳಸಾಬಾಯಿ ಸೌಟು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟಳು. “ಕೋಟೆ ಗೆಲ್ಲಲಿ ಅಂತ ಬಂದೀರಾ ಅಕ್ಕ?”

“ಹೂಂ ಕಣಮ್ಮ.”

“ಇನ್ನೊಂದು ಸ್ವಲ್ಪ ಪಾಯಸ ಹಾಕಿಸಿಕೊಳ್ಳಿ” ಎಂದವಳು ಎಲೆ ತುಂಬ ಸುರಿದಳು. ಸಂಜೆಯೊಳಗೆ ಸುದ್ದಿ ದಂಡಿನ ಕೇರಿಯ ತುಂಬ ಹರಡಿತು. ಕೋಟೆ ಗೆಲ್ಲಲಿ ಎಂದು ಬೇಡಿಕೊಳ್ಳುವ ಹೆಂಗಸೊಬ್ಬಳು ತಾನಾಗಿ ಬಂದಿದ್ದಾಳೆಂದರೆ ಅವರಿಗೆ ದೇವರೇ ಬಂದ ಹಾಗಾಯಿತು. ಲಾಡ್ಜಿನವನು ಬಾಡಿಗೆ ಬೇಡವೆಂದ. ಹೆಂಗಸರು ಸೀಯಕಾಯಿ ಹಾಕಿ ತಲೆಗೆ ನೀರೆರೆದರು. ಪಾಲಕ್ಕ ದಿನಾ ಬೆಳಿಗ್ಗೆ ಕಲ್ಲಿಗೆ ಹೂವೇರಿಸುವಾಗ ಅವಳ ಹಿಂದೆ ದಂಡಿನ ಅರ್ಧ ಕೇರಿ ಕೈ ಮುಗಿದು ನಿಲ್ಲುತ್ತಿತ್ತು. ನಮ್ಮ ಕೋಟೆ ಕೇರಿಯ ಹಿರಿಯರು ನನ್ನನ್ನು ಕರೆದು ಗದರಿದರು. “ಏನಯ್ಯಾ ಸಿರಿಯಣ್ಣ, ಸುಖವಾಗಿ ಸೋಲ್ತಾ ಇದೀವಿ. ಎಲ್ಲಿಂದ ತಂದೆ ಈ ಪೀಡೆಯ?” ನಾನು ತಲೆ ಕೆರೆದುಕೊಂಡೆ. ನಿಜ ಹೇಳಬೇಕೆಂದರೆ ನಾನೂ ರಾತ್ರಿ ಬೇಡಿಕೊಳ್ಳುವುದನ್ನು ಬಿಟ್ಟಿದ್ದೆ. ಸೆರಗಿನಲ್ಲಿ ಆ ಕಲ್ಲಿನ ಗಂಟು ಇಟ್ಟುಕೊಂಡು ಓಡಾಡುವವಳನ್ನು ನೋಡಿದ ಮೇಲೆ ನಾಳೆ ಸೋಲಿಸಪ್ಪಾ ಎನ್ನಲು ಮನಸ್ಸಾಗುತ್ತಿರಲಿಲ್ಲ.

ದಿನಾ “ದಂಡು!” ಎಂಬ ಕೂಗೇ. ದಿನಾ ಬಾಗಿಲು ತೆರೆದೇ ಇತ್ತು, ಪಕ್ಕದಲ್ಲಿ ಗಿಡ್ಡ ಮಾಳಗ ಸೊಂಟದ ಮೇಲೆ ಕೈಯಿಟ್ಟು ನಿಂತೇ ಇದ್ದ. ಪಾಲಕ್ಕ ಅವನನ್ನು ಸ್ವಲ್ಪ ಹೊತ್ತು ನೋಡಿ, “ಇವತ್ತೂ ತೆಗೆದ್ಯಾ” ಎಂದು ಗೊಣಗಿ ಹಿಂದಿರುಗುತ್ತಿದ್ದಳು. ಒಂದು ಮಧ್ಯಾಹ್ನ ಅವಳಿಗೆ ಎಲೆಯಡಿಕೆ ಕೊಡುತ್ತಾ ತುಳಸಾಬಾಯಿ ಹೇಳಿದಳು, “ನಮ್ಮ ಕೇರಿಯಾಗೆ ಅವನ್ನ ಯಾರೂ ಬೈಯಲ್ಲಕ್ಕ. ತೆಗೆದಾಗ ಒಳಗಿನವರ ಹೊಟ್ಟೆ ಬೆನ್ನಿಗೆ ಹತ್ತಿತ್ತಂತೆ, ಮಕ್ಕಳು ಮಣ್ಣು ತಿಂತಿದ್ವಂತೆ. ನಮ್ಮವರು ಒಳಗೆ ಹೋಗಿ ಮೊದಲು ಮಾಡಿದ್ದು ಒಲೆ ಹಚ್ಚಿದ್ದು ಅಂತ ನಮ್ಮಜ್ಜಿ ಹೇಳ್ತಿದ್ಲು. ಗೆದ್ದವರು ಬೇಯಿಸೋದು ಆವತ್ತಿಂದಾನೇ ಅಂತೆ.” ಪಾಲಕ್ಕ ಎಲೆಗೆ ಸುಣ್ಣ ಸವರುತ್ತಾ ಕೂತಳು. ನಾನೂ ಆ ಮಾತನ್ನು ಮೊದಲ ಸಲ ಕೇಳಿದ್ದು. ಮದುವೆಯಾಗಿ ಇಷ್ಟು ವರ್ಷವಾದರೂ ಅವರ ಕೇರಿಯ ಕಥೆಯನ್ನು ನಾನು ಕೇಳಿರಲಿಲ್ಲ.

ಶನಿವಾರ ಬೆಳಿಗ್ಗೆ ಮಂಜು ಬಿದ್ದಿತ್ತು. ನಾಗೋಜಿ ಎಣ್ಣೆ ಸವರಿದ, ಲಾಟೀನು ಹಿಡಿದ, ಕಣ್ಣುಜ್ಜಿಕೊಂಡ, ಮತ್ತೆ ನೋಡಿದ. ಆಮೇಲೆ ಆ ಮುದುಕನ ಎದೆಯಲ್ಲಿ ಅಷ್ಟು ದೊಡ್ಡ ದನಿ ಎಲ್ಲಿತ್ತೋ, “ಕೋಟೇ!” ಎಂದು ಕೂಗಿದ. ದಂಡಿನವರು ಒಬ್ಬರನ್ನೊಬ್ಬರು ತಬ್ಬಿಕೊಂಡು ಕುಣಿದಾಡಿ, ಮಲಗಲು ಮನೆಗೆ ಹೋದರು. ನಮ್ಮವರು ತಲೆ ಮೇಲೆ ಕೈ ಹೊತ್ತರು. ಕೊಪ್ಪರಿಗೆ ಎಲ್ಲಿದೆ, ಸೌದೆ ಯಾರ ಮನೆಯಲ್ಲಿದೆ, ಒಬ್ಬರಿಗೂ ನೆನಪಿಲ್ಲ. ಎದ್ದೆವೋ ಬಿದ್ದೆವೋ ಎಂದು ಎಲ್ಲರೂ ಓಡಿದರು. ಗಳಿಗೆಯಲ್ಲಿ ಬಯಲು ಖಾಲಿಯಾಯಿತು.

ಪಾಲಕ್ಕ ಕಲ್ಲಿನ ಮುಂದೆ ಮಂಡಿಯೂರಿದ್ದಳು. ಬಾಗಿಲು ಮುಚ್ಚಿತ್ತು. ಮಾಳಗ ಅದಕ್ಕೆ ಬೆನ್ನು ಕೊಟ್ಟು ನಿಂತಿದ್ದ. ಅವಳು ಮೊಬೈಲನ್ನು ಬುಟ್ಟಿಯಿಂದ ತೆಗೆದು ನನ್ನ ಕೈಗಿತ್ತು, “ಸ್ಪಷ್ಟ ಬರಂಗೆ ತೆಗಿಯಣ್ಣ. ನಿಲ್ಲು, ಮೇಲೆಲ್ಲ ಗಲೀಜಾಗೈತೆ, ಒರೆಸಿಬಿಡ್ತೀನಿ” ಎಂದಳು. ನಾಗೋಜಿ ಬಿಟ್ಟುಹೋಗಿದ್ದ ಎಣ್ಣೆಯ ಗಿಂಡಿ ತೆಗೆದುಕೊಂಡು, ಸೆರಗಿನಿಂದ ಹಿಕ್ಕೆ ಉಜ್ಜಿ, ನಡುವಿನ ಸಾಲಿಗೆ ಎಣ್ಣೆ ಹಚ್ಚಿದಳು. ಅಡುಗೆಗೆ ತಡವಾಗುತ್ತಿದೆ ಎಂದು ನಾನು ಚಡಪಡಿಸುತ್ತಾ ನಾಗೋಜಿಯ ಲಾಟೀನು ಎತ್ತಿ ಹಿಡಿದೆ.

ಇಬ್ಬರು ಅಪ್ಸರೆಯರು ಒಬ್ಬ ಗಿಡ್ಡ ಆಳನ್ನು ರಟ್ಟೆ ಹಿಡಿದು ಎತ್ತಿಕೊಂಡು ಹೋಗುತ್ತಿದ್ದರು. ಅವನ ಸೊಂಟದಲ್ಲಿ ಮೊಳದುದ್ದದ ಬೀಗದ ಕೈ ಇತ್ತು.

ನಾನು ಲಾಟೀನು ಕೆಳಗೆ ತಂದು ಮತ್ತೆ ನೋಡಿದೆ. ಬಾಗಿಲಿಗೆ ಬೆನ್ನು ಕೊಟ್ಟು ನಿಂತಿದ್ದಾನೆ ಎಂದು ನಾವು ಅಂದುಕೊಂಡಿದ್ದ ಮಾಳಗನ ಎದೆಗೆ ಒಂದು ಈಟಿ ನೆಟ್ಟಿತ್ತು. ಅವನು ನಿಂತಿರಲಿಲ್ಲ, ಈಟಿ ಅವನನ್ನು ನಿಲ್ಲಿಸಿತ್ತು. ಗೆದ್ದ ದಿನ ಅಡುಗೆಯ ಅವಸರ, ಸೋತ ದಿನ, ಆಮೇಲೆ ನಾನು ನೋಡಿದಂತೆ, ಬೇರೆ ಯಾರೋ ಮೀಸೆಯ ದಳವಾಯಿ ಸ್ವರ್ಗಕ್ಕೆ ಹೋಗುತ್ತಿರುತ್ತಾನೆ. ಹೀಗೆ ಊರಿಗೆ ಊರೇ ಇದನ್ನು ನೋಡದೆ ಕಾಲ ಕಳೆದಿತ್ತು. ಬಾಗಿಲು ಮುಚ್ಚಿದ ದಿನಗಳಲ್ಲಿ ಮಾಳಗ ಅಲ್ಲೇ ಸಾಯುತ್ತಿದ್ದ.

ಪಾಲಕ್ಕ ಬೆರಳಿನಿಂದ ಆ ಮುಖವನ್ನು ಸವರಿದಳು. “ಮೀಸೆ ಕೂಡ ಬಂದಿಲ್ಲ ಕಣೋ ಇವನಿಗೆ” ಎಂದಳು. ಆಮೇಲೆ ಮೆಲ್ಲಗೆ, “ಇಲ್ಲೇ ಸತ್ರೆ ಹೊಳೆ ದಾಟಿದ್ಯಾವಾಗ? ಮದುವೆ ಆಗಿದ್ಯಾವಾಗ?” ಎಂದು ಕೇಳಿದಳು. ನನ್ನನ್ನಲ್ಲ, ಅವನನ್ನೇ.

ಬಸ್‌ಸ್ಟ್ಯಾಂಡಿನಲ್ಲಿ ಅವಳ ಊರಿನ ಕಡೆಯ ಬಸ್ಸು ಹಾರ್ನು ಹೊಡೆಯತೊಡಗಿತು. ಸಭೆಯ ಹೊತ್ತಿಗೆ ಮುಟ್ಟಿಸುವ ಬಸ್ಸು ಅದೊಂದೇ. ನಾನು ಮೊಬೈಲು ಎತ್ತಿ, “ಅಕ್ಕ, ಸರೀರಿ, ಕೆಳಗಿನ ಸಾಲು ಮಾತ್ರ ಬರೋ ಹಂಗೆ ತೆಗೀತೀನಿ. ಮೇಲಿಂದು ಯಾರಿಗೆ ಗೊತ್ತಾಗುತ್ತೆ?” ಎಂದೆ. ಅವಳು ಮೊಬೈಲನ್ನು ನನ್ನ ಕೈಯಿಂದ ಕಿತ್ತುಕೊಂಡು ಬುಟ್ಟಿಗೆ ಹಾಕಿದಳು.

“ಬೇಡ. ಸತ್ತ ಮಗುವಿನ ಫೋಟೋ ತೋರಿಸಿ ಬೀಗದ ಕೈ ಇಸ್ಕೊಳ್ಳೋದಾ?”

“ಬಸ್ಸು ಹೋಗ್ತದಕ್ಕ.”

“ಹೋಗ್ಲಿ ಬಿಡು. ಇವತ್ತಿನ ಲೆಕ್ಕಕ್ಕೆ ನಾನು ಹುಟ್ಟೇ ಇಲ್ಲ. ಹುಟ್ಟದೋಳಿಗೆ ಯಾವ ಬಸ್ಸು?” ಎಂದು ನಕ್ಕಳು. ನಗುತ್ತಲೇ ಕಣ್ಣು ತುಂಬಿ ಬಂತು. ಬಸ್ಸು ಹೋಯಿತು. ಅವಳು ಕಣ್ಣೊರೆಸಿಕೊಂಡು, ಸೆರಗು ಸಿಕ್ಕಿಸಿ, “ನಡಿ, ನಿಮ್ಮೋರಿಗೆ ಅಡುಗೆ ಮರ್ತೋಗಿರ್ಬೇಕು” ಎಂದು ನನಗಿಂತ ಮುಂದೆ ನಡೆದಳು. ಅವತ್ತು ಕೋಟೆ ಕೇರಿಯ ಹುಳಿಗೆ ಉಪ್ಪು ಬಿದ್ದದ್ದು ಅವಳಿಂದ. ಅನ್ನಕ್ಕೆ ಅವಳ ಕೈ ತಾಗದೆ ಅದು ಮುದ್ದೆಯಾಯಿತು. ದಂಡಿನವರು ಚಪ್ಪರಿಸಿಕೊಂಡು ಅದನ್ನೇ ತಿಂದರು.

ಸಂಜೆ ನಮ್ಮ ಜಗಲಿಯ ಮೇಲೆ ಕೂತು ಅವಳು ಮಗಳಿಗೆ ಫೋನು ಮಾಡಿದಳು. ಇಂದುಮತಿ ಸಭೆಯಲ್ಲಿ ಸ್ಪೀಕರ್ ಹಾಕಿ ಮೇಜಿನ ಮೇಲಿಟ್ಟಳೆಂದು ಕಾಣುತ್ತದೆ, ಕೆಮ್ಮು, ಕುರ್ಚಿ ಎಳೆಯುವ ಸದ್ದು, ಯಾರದೋ ಮಗುವಿನ ಅಳು ಕೇಳಿಸಿತು. ಒಬ್ಬ ಗಂಡಸು, “ಏನಮ್ಮ ಪಾಲಕ್ಕ, ಸಿಕ್ತಾ ಮುಚ್ಚಿದ ಬಾಗಿಲು?” ಎಂದು ಕೇಳಿದ. ನಾಲ್ಕಾರು ಜನ ನಕ್ಕರು.

“ಸಿಕ್ತು ಕಣಣ್ಣ” ಎಂದಳು ಪಾಲಕ್ಕ. “ನೋಡ್ದೆ. ಚೆನ್ನಾಗಿಲ್ಲ. ಮುಚ್ಚಿದ ದಿನ ನಮ್ಮಜ್ಜ ಸಾಯ್ತಾನೆ, ಒಳಗಿನ ಮಕ್ಕಳು ಮಣ್ಣು ತಿಂತಾವೆ. ತೆಗೆದ ದಿನ ಬದುಕ್ತಾನೆ, ಎಲ್ರೂ ಉಣ್ತಾರೆ. ನಾವು ಬಾಗಿಲು ತೆಗೆದೋರೇ, ಇಲ್ಲ ಅನ್ನಲ್ಲ. ಈಗ ನೀವೇ ಹೇಳಿ, ದಿನಾ ಎರಡು ಹೊತ್ತು ಹಾಲು ಹಾಕೋ ಡೈರಿಗೆ ಬೇಕಾಗಿರೋದು ಬಾಗಿಲು ತೆಗೆಯೋರಾ, ಮುಚ್ಚೋರಾ? ಮುಚ್ಚಿದ ಡೈರಿ ಮುಂದೆ ಕ್ಯಾನ್ ಹಿಡ್ಕೊಂಡು ಎಷ್ಟೊತ್ತು ನಿಂತ್ಕೊತೀರಿ?”

ಆ ಕಡೆ ಒಬ್ಬ ಹೆಂಗಸು ಕಿಸಕ್ಕನೆ ನಕ್ಕಳು, ಇನ್ನೊಬ್ಬಳು ನಕ್ಕಳು, ಅಷ್ಟರಲ್ಲಿ ಲೈನು ಕಟ್ಟಾಯಿತು. ಏನಾಯಿತೋ ತಿಳಿಯಲಿಲ್ಲ. ಮತ್ತೆ ಮಾಡಿದರೆ ಫೋನು ಹತ್ತಲಿಲ್ಲ. ಪಾಲಕ್ಕ ಅದರ ಬಗ್ಗೆ ಹೆಚ್ಚು ಯೋಚನೆ ಮಾಡಿದಂತೆ ಕಾಣಲಿಲ್ಲ. ತುಳಸಾಬಾಯಿಯ ಜೊತೆ ಹುಣಸೆಹಣ್ಣು ಬಿಡಿಸುತ್ತಾ ಕೂತಳು.

ಮರುದಿನ ಬೆಳಿಗ್ಗೆ ನಾಗೋಜಿ “ದಂಡು!” ಎಂದ. ಬಾಗಿಲು ತೆರೆದಿತ್ತು. ಪಕ್ಕದಲ್ಲಿ ಮಾಳಗ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. ಪಾಲಕ್ಕ ಅವನನ್ನು ನೋಡಿ ಜಾತ್ರೆಯಲ್ಲಿ ಕಳೆದ ಮಗು ಸಿಕ್ಕವಳ ಹಾಗೆ “ಬಂದ್ಯಾ!” ಎಂದು ಕೂಗಿ, ಎಣ್ಣೆ ಕೈಯಲ್ಲೇ ಅವನ ಕೆನ್ನೆ ಸವರಿ ನೆಟಿಕೆ ಮುರಿದಳು. ಫೋಟೋ ತೆಗೆಸಿಕೊಂಡಳು. “ಇದು ಬದಲಾಗ್ತಾ ಇರುತ್ತಲ್ಲಣ್ಣ? ಒಳ್ಳೇದೇ ಆಯ್ತು. ದಿನಾ ಎದ್ದು ನೋಡ್ತೀನಿ, ಇವತ್ತು ಇದಾನೋ ಇಲ್ವೋ ಅಂತ. ಇಲ್ದಿದ್ರೆ ನಾಳೆ ಬರ್ತಾನೆ.” ತುಳಸಾಬಾಯಿ ಬುಟ್ಟಿಗೆ ಹುರಿಗಡಲೆ ತಂಬಿಟ್ಟು ತುಂಬಿದಳು. ಬಸ್ಸು ಹತ್ತುವಾಗ ಸೆರಗಿನ ಗಂಟು ಕಂಬಿಗೆ ತಗುಲಿ ಟಣ್ ಎಂದಿತು. “ಅದಿನ್ನೂ ಯಾಕಕ್ಕ, ಭಾರ? ಇಲ್ಲೇ ಬಿಸಾಕಿ” ಎಂದೆ. “ನೀನು ಕೊಟ್ಟಿದ್ದಲ್ವಾ, ಇರ್ಲಿ ಬಿಡು” ಎಂದಳು.

ಆಮೇಲಿಂದ ನಾನು ಉಪ್ಪಿನ ಬಾಗಿಲಲ್ಲಿ ಕುಂಟುವುದನ್ನು ಬಿಟ್ಟಿದ್ದೇನೆ. ಬರುವವರನ್ನು ಮೊದಲು ಕಲ್ಲಿನ ನಡುವಿನ ಸಾಲಿಗೆ ಕರೆದೊಯ್ಯುತ್ತೇನೆ. ಗೆದ್ದ ದಿನಗಳಲ್ಲೂ ಒಲೆಗೆ ಎಸರಿಟ್ಟು ಓಡಿ ಬಂದು ತೋರಿಸುತ್ತೇನೆ, ಅನ್ನ ತಳ ಹಿಡಿದರೆ ಹಿಡಿಯಲಿ. ಕಥೆ ಮುಗಿದ ಮೇಲೂ ಕೆಲವರು ಕಲ್ಲು ಎಸೆಯಲು ಕೇಳುತ್ತಾರೆ, ಬೇರೆಯವರ ಮೊಬೈಲಿನಲ್ಲಿ ಆ ಆಟ ನೋಡಿರುತ್ತಾರಲ್ಲ. ಏನು ಹೇಳಬೇಕೆಂದು ತಿಳಿಯದೆ ತಡವರಿಸುತ್ತಿದ್ದೆ.

ಯುಗಾದಿ ಕಳೆದ ಮೇಲೆ ಪಾಲಕ್ಕನ ಫೋನು ಬಂತು. ಹಿಂದೆ ಕ್ಯಾನುಗಳ ಸದ್ದು, ಹೆಂಗಸರ ಗಲಾಟೆ. “ಸಿರಿಯಣ್ಣ, ಡೈರಿಯಿಂದಾನೇ ಮಾತಾಡ್ತಿರೋದು. ಬೀಗದ ಕೈ ಇಂದುಮತಿ ಸೊಂಟದಾಗೈತೆ. ಒಂದು ಫಜೀತಿ ನೋಡು, ಈ ಬಾಗಿಲು ಸುಮ್ನೆ ನಿಲ್ಲಲ್ಲ, ಗಾಳಿ ಬಂದ್ರೆ ದಡಾರಂತ ಮುಚ್ಕೊಂಬಿಡ್ತಿತ್ತು. ಈಗ ಸರಿ ಹೋಯ್ತು. ನೀನು ಕೊಟ್ಟಿದ್ಯಲ್ಲ ಕಲ್ಲು, ಅದನ್ನ ಬಾಗಿಲಿಗೆ ಒತ್ತಿಟ್ಟಿದೀವಿ. ಅಳತೆ ತಗೊಂಡು ಮಾಡಿಸಿದಂಗೈತೆ ಕಣಣ್ಣ.”

ಫೋನು ಇಟ್ಟು ಉಪ್ಪಿನ ಬಾಗಿಲಿಗೆ ಹೋದೆ. ಹೊಸಬರ ಗುಂಪೊಂದು ಕಾಯುತ್ತಿತ್ತು. ದಿಬ್ಬದಿಂದ ಒಂದೊಂದು ಕಲ್ಲು ಆರಿಸಿ ಎಲ್ಲರ ಕೈಗೂ ಕೊಟ್ಟೆ. ಒಬ್ಬ ಗುರಿ ಹಿಡಿದು ಕೈ ಎತ್ತಿದ. ನಾನು ಅವನ ಮಣಿಕಟ್ಟು ಹಿಡಿದು, “ಎಸೀಬೇಡಿ ಸ್ವಾಮಿ, ಮನೆಗೆ ತಗೊಂಡು ಹೋಗಿ. ನಿಮ್ಮ ಮನೇಲೂ ಮುಚ್ಕೊಳ್ಳೋ ಬಾಗಿಲು ಇರಬೇಕಲ್ಲ?” ಎಂದೆ.